ಪೆಂಗ್ ಮೇಷ್ಟ್ರ ಕೆಮ್ಮು

ನಿಯೆ ಜಿನ್ಲಾನಳಿಗೆ ಸಿಟ್ಟು ಸುಲಭಕ್ಕೆ ಬರುತ್ತಿರಲಿಲ್ಲ. ಬಂದ ಸಿಟ್ಟನ್ನು ಮಾತ್ರ ಅವಳು ವತ್ಸನಾಭಿಯ ಗೆಡ್ಡೆಯ ಹಾಗೆ ಸಣ್ಣ ಉರಿಯ ಮೇಲಿಟ್ಟು, ಮುಚ್ಚಳ ಮುಚ್ಚಿ, ಗಂಟೆಗಟ್ಟಲೆ ಕಾಯುತ್ತಿದ್ದಳು. ವ್ಯತ್ಯಾಸ ಇಷ್ಟೇ: ವತ್ಸನಾಭಿ ಕುದ್ದಷ್ಟೂ ಅದರ ವಿಷ ಇಳಿಯುತ್ತದೆ, ಇವಳ ಸಿಟ್ಟಿನದು ಏರುತ್ತಿತ್ತು.

ಹಳಸಿದ ಮೀನು ಕೊಟ್ಟ ಮೀನಿನವನೊಬ್ಬನಿಗೆ ಅವಳು ಒಂದು ಮಾತೂ ಬೈಯಲಿಲ್ಲ. ಒಂದು ಇಡೀ ಚಳಿಗಾಲ ದಿನಾ ಬೆಳಿಗ್ಗೆ ಅವನ ಬುಟ್ಟಿಯ ಮುಂದೆ ನಿಂತು, ಒಂದೊಂದೇ ಮೀನಿನ ಕಿವಿರು ಎತ್ತಿ ನೋಡಿ, ನಿಟ್ಟುಸಿರು ಬಿಟ್ಟು, ಮತ್ತೆ ಮೆಲ್ಲಗೆ ಮುಚ್ಚಿ ಹೋಗುತ್ತಿದ್ದಳು. ವಸಂತ ಬರುವಷ್ಟರಲ್ಲಿ ಅವನು ಮೀನು ಬಿಟ್ಟು ತೋಫು ಮಾರತೊಡಗಿದ. ಮದುವೆಯಲ್ಲಿ ಇವಳು ತಂದ ರಜಾಯಿ ತೆಳುವಾಯಿತೆಂದು ಮೂಗು ಮುರಿದ ನಾದಿನಿಗೆ ಉತ್ತರ ಹೋದದ್ದು ಇಪ್ಪತ್ತು ವರ್ಷದ ಮೇಲೆ, ಆ ನಾದಿನಿಯ ಮಗಳ ಮದುವೆಗೆ. ಉಡುಗೊರೆಯಾಗಿ ಹೋದ ರಜಾಯಿ ಎಷ್ಟು ದಪ್ಪವಿತ್ತೆಂದರೆ ಅದನ್ನು ಬಾಗಿಲಲ್ಲಿ ತೂರಿಸಲು ವರನ ಕಡೆಯ ಗಂಡಸರು ಕೋಟು ಬಿಚ್ಚಬೇಕಾಯಿತು. ಇಂಥ ದಂಡಯಾತ್ರೆಗಳಲ್ಲಿ ಅವಳು ಸೋತದ್ದೇ ಇಲ್ಲವೆಂದು ಝಾಂಗ್‌ಶು ಊರಿನ ಹಳೇ ಔಷಧಿ ಬೀದಿಗೆಲ್ಲ ಗೊತ್ತಿತ್ತು. ರಸಾಯನಶಾಸ್ತ್ರದ ನಿವೃತ್ತ ಮೇಷ್ಟ್ರು ಪೆಂಗ್ ಶಾವ್‌ತಾಂಗ್ ಅವರಿಗೂ ಗೊತ್ತಿರಬೇಕಿತ್ತು. ಆದರೆ ಓದಿದವರಿಗೆ ಬೀದಿಯ ಇತಿಹಾಸ ಅಷ್ಟಾಗಿ ತಲೆಗೆ ಹೋಗುವುದಿಲ್ಲ.

ಜಿನ್ಲಾನ್ ಗಾನ್ ನದಿಯಲ್ಲಿ ಮರಳು ಸಾಗಿಸುತ್ತಿದ್ದ ದೋಣಿಯವನ ಮಗಳು. ಹರೆಯದಲ್ಲಿ ಲುವೊ ವೈದ್ಯರ ಅಂಗಡಿಗೆ ಒಲೆ ಊದಲು ಬಂದವಳು, ಈಗ ತಲೆ ಅರ್ಧ ನರೆತರೂ ಅದೇ ಹಿತ್ತಿಲಿನಲ್ಲಿ ಇದ್ದಾಳೆ. ಅಲ್ಲೊಂದು ಉದ್ದನೆಯ ಒಲೆಕಟ್ಟೆ, ಅದರ ಮೇಲೆ ಸಾಲಾಗಿ ಮಣ್ಣಿನ ಕುಡಿಕೆಗಳು, ಪ್ರತಿ ಕುಡಿಕೆಗೂ ಒಂದು ಹಿಡಿ, ಒಂದು ಗಿಡ್ಡ ಮೂತಿ. ಮನೆಯಲ್ಲಿ ಕಷಾಯ ಕಾಯಿಸಲು ಪುರುಸೊತ್ತಿಲ್ಲದವರು ಔಷಧದ ಪೊಟ್ಟಣವನ್ನು ಅವಳಿಗೆ ಒಪ್ಪಿಸಿ ಹೋಗುತ್ತಾರೆ. ಚಿಪ್ಪು ಕಲ್ಲುಗಳು ಮೊದಲು, ಬೇರುಗಳು ಆಮೇಲೆ, ಪುದೀನದಂಥ ಎಲೆಗಳು ಕಟ್ಟಕಡೆಗೆ. ಯಾಕೆ ಎಂದು ಕೇಳಿದವರಿಗೆ ಅವಳು ಕೊಡುತ್ತಿದ್ದ ಉತ್ತರ ಒಂದೇ, ನಮ್ಮ ಹಿಂದಿನವಳು ಹಾಗೆ ಹೇಳಿಕೊಟ್ಟಳು. ಕಷಾಯ ಸೋಸಿದ ಮೇಲೆ ಉಳಿದ ಚರಟವನ್ನು ಬೀದಿಯ ನಡುವೆ ಸುರಿಯುವುದೂ ಅವಳ ಕೆಲಸವೇ. ಹೋಗುವವರು ಬರುವವರು ಅದನ್ನು ತುಳಿಯಬೇಕು. ತುಳಿದವರ ಕಾಲಿನ ಜೊತೆ ರೋಗವೂ ಊರು ಬಿಟ್ಟು ನಡೆಯುತ್ತದೆ.

ಆ ಬೇಸಿಗೆಯಲ್ಲಿ ಪೆಂಗ್ ಮೇಷ್ಟ್ರು ಹಿತ್ತಿಲಿಗೆ ಬರತೊಡಗಿದರು. ವಯಸ್ಸಾದವರನ್ನು ಗೌರವಿಸುವ ಹಿರಿಯರ ಹಬ್ಬಕ್ಕೆ ಬೀದಿಯ ಸಭಾಂಗಣದಲ್ಲಿ ಅವರದೊಂದು ಭಾಷಣವಿತ್ತು, ನಮ್ಮ ಗಿಡಮೂಲಿಕೆ ಔಷಧ ಕೆಲಸ ಮಾಡುವುದಕ್ಕೆ ವಿಜ್ಞಾನ ಕೊಡುವ ಕಾರಣಗಳು ಅಂತ. ಗಿಡ್ಡ ಮಣೆಯ ಮೇಲೆ ಕೂತು, ಕಲ್ಲಂಗಡಿ ಬೀಜ ಬಿಡಿಸಿ ತಿನ್ನುತ್ತಾ, ಅದು ಯಾಕೆ, ಇದು ಯಾಕೆ ಎಂದು ಕೇಳುತ್ತಿದ್ದರು. ಇಡೀ ಊರಿನ ಅರ್ಧ ಜನರ ಕಿವಿ ಹಿಂಡಿದ್ದ ಮೇಷ್ಟ್ರು ತನ್ನನ್ನು ಕೇಳುತ್ತಿದ್ದಾರಲ್ಲ ಎಂದು ಜಿನ್ಲಾನ್ ಉಬ್ಬಿ ಹೋದಳು. ಉಬ್ಬಿದವಳ ಬಾಯಿಂದ ಒಂದು ಮಧ್ಯಾಹ್ನ, ಗಂಡನಿಗೂ ಪೂರ್ತಿ ಹೇಳದಿದ್ದ ಒಂದು ಕಥೆ ಹೊರಬಂತು.

ಮಗಳು ಮಾನ್‌ಮಾನ್‌ಗೆ ಮೂರು ವರ್ಷ ಇದ್ದಾಗಿನ ಮಾತು. ಗಂಡ ರೆನ್‌ಗೆನ್ ಸರಕಿನ ದೋಣಿಯ ಜೊತೆ ನದಿ ಹರಿಯುವ ಕೆಳಗಿನ ಊರುಗಳಲ್ಲೆಲ್ಲೋ ಇದ್ದ. ಮಗುವಿನ ಜ್ವರ ಇಳಿಯಲೇ ಇಲ್ಲ. ದಿನವಿಡೀ ಊರಿನವರಿಗೆ ಕಷಾಯ ಕಾಯಿಸುವವಳ ಸ್ವಂತ ಮನೆಯಲ್ಲಿ ಒಂದು ಕುಡಿಕೆ ಇರಲಿಲ್ಲ. ಆಗ ಬಂದವಳು ಪೆಂಗ್ ಅಜ್ಜಿ, ಅಂದರೆ ಇದೇ ಮೇಷ್ಟ್ರ ತಾಯಿ. ತನ್ನ ಮನೆಯ ಹಳೇ ಕುಡಿಕೆಯನ್ನು ಕೋಟಿನೊಳಗೆ ಮುಚ್ಚಿಕೊಂಡು ತಂದು ಕೊಟ್ಟಳು. ಚರಟವನ್ನು ನಾಲ್ಕು ದಾರಿ ಕೂಡುವಲ್ಲಿ ಸುರಿ, ಜನ ತುಳಿಯಲಿ ಎಂದಳು. ಜಿನ್ಲಾನ್ ಸುರಿದಳು. ಮುಂಜಾನೆಯ ಮಂಜಿನಲ್ಲಿ ಒಬ್ಬರೂ ಬರಲಿಲ್ಲ. ಬಂದವರು ಪಕ್ಕಕ್ಕೆ ಸರಿದು ಹೋದರು. ಕೊನೆಗೆ ಅವಳು ನಡು ರಸ್ತೆಯಲ್ಲಿ ಮಂಡಿಯೂರಿ, ದಾರಿಹೋಕರ ಕಾಲು ಹಿಡಿದು, ಒಂದು ಸಲ ತುಳಿದು ಹೋಗಿ ಎಂದು ಬೇಡಿಕೊಂಡಳು. ಎಮ್ಮೆ ಹೊಡೆದುಕೊಂಡು ಬಂದ ಒಬ್ಬ ಮುದುಕ ಮಾತಾಡದೆ ಎಮ್ಮೆಯನ್ನೂ ತುಳಿಸಿ ತಾನೂ ತುಳಿದು ಹೋದ. ಮಗು ಬದುಕಿತು.

ಅಜ್ಜಿಯ ಕುಡಿಕೆ ಮಾತ್ರ ಜಿನ್ಲಾನಳ ಮನೆಯಲ್ಲೇ ಉಳಿಯಿತು. ಉಳಿಯಲೇಬೇಕು. ಎರವಲು ತಂದ ಕಷಾಯದ ಕುಡಿಕೆಯನ್ನು ತಂದವರಾಗಿ ಹಿಂದಿರುಗಿಸುವಂತಿಲ್ಲ. ಹಾಗೆ ಮಾಡುವುದೆಂದರೆ ರೋಗವನ್ನೇ ಎತ್ತಿಕೊಂಡು ಹೋಗಿ ಅವರ ಹೊಸ್ತಿಲಲ್ಲಿ ಇಟ್ಟ ಹಾಗೆ. ಕುಡಿಕೆಯ ಒಡೆಯರಿಗೆ ಕಾಯಿಲೆಯಾದಾಗ ಅವರೇ ಬಂದು, ಕುಡಿಕೆ ಕೊಡ್ತೀಯಾ ಎಂದು ಎರವಲು ಕೇಳಿ ಒಯ್ಯಬೇಕು. ಪೆಂಗ್ ಅಜ್ಜಿ ಕೇಳಲು ಬರಲಿಲ್ಲ. ಒಂದು ರಾತ್ರಿ ಹೊಟ್ಟೆ ತುಂಬ ಉಂಡು ಮಲಗಿದವಳು ಕಷಾಯಕ್ಕೆ ಅವಕಾಶವನ್ನೇ ಕೊಡದೆ ಹೋಗಿಬಿಟ್ಟಳು.

ಇದನ್ನೆಲ್ಲ ಕೇಳಿ ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಮನಸ್ಸು ಕರಗಿತೆಂದು ಜಿನ್ಲಾನ್ ತಿಳಿದಳು. ಒಲೆಯ ಹೊಗೆ ಎಂದು ಆಮೇಲೆ ಗೊತ್ತಾಯಿತು.

ಹಿರಿಯರ ಹಬ್ಬದ ದಿನ ಅವಳು ಹೊಸ ನೀಲಿ ಕೋಟು ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಳು. ಮೇಷ್ಟ್ರ ಭಾಷಣದ ಮೊದಲ ಮುಕ್ಕಾಲು ಪಾಲು ಚೆನ್ನಾಗಿತ್ತು, ಅದನ್ನು ಶತ್ರುವೂ ಒಪ್ಪಬೇಕು. ನೋವಿಗೆ ಕೊಡುವ ಯಾನ್‌ಹೂ ಗೆಡ್ಡೆಯನ್ನು ನಮ್ಮವರು ಅಕ್ಕಿಯ ಹುಳಿರಸ ಹಾಕಿ ಹುರಿಯುವುದು ಯಾಕೆಂದರೆ, ಅದರ ಸತ್ವ ಬರೀ ನೀರಿನಲ್ಲಿ ಕರಗುವುದಿಲ್ಲ, ಹುಳಿಯ ಜೊತೆ ಕೂಡಿ ಉಪ್ಪಾದರೆ ಕರಗುತ್ತದೆ ಎಂದರು. ವತ್ಸನಾಭಿಯ ವಿಷದ ಅಣುವಿಗೆ ಅಂಟಿಕೊಂಡ ಒಂದೆರಡು ತುಂಡುಗಳಿವೆ, ಬಹಳ ಹೊತ್ತು ಕುದಿಸಿದರೆ ಅವು ಕಳಚಿ ಬೀಳುತ್ತವೆ, ಆಗ ಕೊಲ್ಲುವ ಶಕ್ತಿ ಬಹುಪಾಲು ಹೋಗಿ ಮೈ ಬಿಸಿ ಮಾಡುವ ಗುಣ ಉಳಿಯುತ್ತದೆ ಎಂದರು. ಪುದೀನದ ಗುಣವೆಲ್ಲ ಹಾರಿಹೋಗುವ ಎಣ್ಣೆಯಲ್ಲಿದೆ, ಮೊದಲೇ ಹಾಕಿದರೆ ರೋಗಿಯ ಬದಲು ಅಡುಗೆಮನೆಯ ಸೂರು ಗುಣವಾಗುತ್ತದೆ ಎಂದಾಗ ಜನ ನಕ್ಕರು. ಕಬ್ಬಿಣದ ಪಾತ್ರೆಯಲ್ಲಿ ಕಷಾಯ ಕಾಯಿಸಿದರೆ ಬೇರು ತೊಗಟೆಗಳ ಒಗರು ಕಬ್ಬಿಣವನ್ನು ಹಿಡಿದು ಶಾಯಿಯಾಗಿಬಿಡುತ್ತದೆ, ಮಣ್ಣಿನ ಕುಡಿಕೆ ಯಾರ ತಂಟೆಗೂ ಹೋಗುವುದಿಲ್ಲ ಎಂದರು. ಮುಕ್ಕಾಲು ಔಷಧಗಳಿಗೆ ಅತಿಮಧುರ ಸೇರಿಸುವುದು ಬರೀ ಸಿಹಿಗಲ್ಲ. ಅದು ಅಂಟುವಾಳದ ಹಾಗೆ ನೊರೆ ಬರುವ ಬೇರು, ನೀರಿಗೆ ಒಗ್ಗದ ಎಷ್ಟೋ ಸತ್ವಗಳನ್ನು ನೀರಿನಲ್ಲಿ ಎತ್ತಿ ಹಿಡಿಯುತ್ತದೆ. ಆದರೆ ಹಳದಿ ಬೇರಿನ ಕಹಿಯ ಜೊತೆ ಮಾತ್ರ ಗಂಟುಕಟ್ಟಿಕೊಂಡು ಎರಡೂ ತಳಕ್ಕೆ ಇಳಿಯುತ್ತವೆ, ಹಾಗಾಗಿ ಅಲ್ಲಿ ಎಚ್ಚರ ಎಂದರು. ಇನ್ನೂ ತಿಳಿಯದ್ದು ಬೇಕಾದಷ್ಟಿದೆ ಎಂದೂ ಪ್ರಾಮಾಣಿಕವಾಗಿ ಸೇರಿಸಿದರು.

ಜಿನ್ಲಾನಳ ಎದೆ ತುಂಬಿ ಬಂತು. ಇಷ್ಟು ವರ್ಷ ತನ್ನ ಕೈ ಸುಮ್ಮನೆ ಮಾಡುತ್ತಿದ್ದ ಕೆಲಸಕ್ಕೆಲ್ಲ ಒಂದೊಂದು ಕಾರಣ ಇತ್ತೇ ಎಂದು ಅವಳು ತನ್ನ ಅಂಗೈಯನ್ನೇ ತಿರುಗಿಸಿ ನೋಡಿಕೊಂಡಳು. ಆ ಹೊತ್ತಿನಲ್ಲಿ ಮೇಷ್ಟ್ರು ಮುಗಿಸಿದ್ದರೆ ಅವಳು ಅವರಿಗೆ ಸಾಯುವ ತನಕ ಬಿಟ್ಟಿ ಕಷಾಯ ಕಾಯಿಸಿ ಕೊಡುತ್ತಿದ್ದಳು.

ಅವರು ಮುಗಿಸಲಿಲ್ಲ. ಇನ್ನು ವಿಜ್ಞಾನ ಅಲ್ಲದ್ದರ ಕಡೆ ಬರೋಣ ಎಂದರು. ಚರಟದ ಕಥೆ ತೆಗೆದರು. ನಮ್ಮ ಮೊದಲ ಸಾಲಿನಲ್ಲೇ ಕೂತಿರುವ ಒಬ್ಬ ಅಕ್ಕ ಅಂತ ಶುರುಮಾಡಿ, ಮಂಡಿಯೂರಿದ್ದನ್ನು ಮಂಡಿ ಬಗ್ಗಿಸಿ ತೋರಿಸಿದರು, ಕಾಲು ಹಿಡಿದದ್ದನ್ನು ಮೇಜಿನ ಕಾಲು ಹಿಡಿದು ತೋರಿಸಿದರು. ಎಮ್ಮೆಯ ಹಾಗೆ ನಡೆದೂ ತೋರಿಸಿದರು. ಕೊನೆಗೆ ಕೈ ಎತ್ತಿ, "ಮೆಟ್ಟಿನಡಿ ಅಂಟ್ಕೊಂಡು ರೋಗ ಹೋಗೋ ಹಾಗಿದ್ರೆ, ಊರಿಗೆ ಆಸ್ಪತ್ರೆ ಯಾಕ್ರಪ್ಪಾ? ಒಂದು ಚಪ್ಪಲಿ ಅಂಗಡಿ ಸಾಕಾಗಿತ್ತು" ಎಂದರು.

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಜಿನ್ಲಾನಳ ಪಕ್ಕದಲ್ಲಿ ಕೂತಿದ್ದ ರೆನ್‌ಗೆನ್ ಕೂಡ ನಕ್ಕ. ಅರ್ಧ ನಗುವಿನಲ್ಲಿ ಹೆಂಡತಿಯ ಮುಖ ನೋಡಿ ಅದನ್ನು ಕೆಮ್ಮಾಗಿ ತಿರುಗಿಸಲು ನೋಡಿದನಾದರೂ ತಡವಾಗಿತ್ತು. ಅಂದಿನಿಂದ ಅವನ ತಟ್ಟೆಗೆ ಮೆಣಸಿನಕಾಯಿ ಬೀಳುವುದು ನಿಂತಿತು. ಮೆಣಸಿನಕಾಯಿ ಇಲ್ಲದ ಊಟ ನಮ್ಮ ಕಡೆ ಕೈದಿಗಳಿಗೂ ಇಲ್ಲ.

ಎಮ್ಮೆಗಿಂತ ದೊಡ್ಡ ಗಾಯ ಬೇರೆ ಇತ್ತು. ಕುಡಿಕೆ ಕೊಟ್ಟವಳು, ಚರಟ ಸುರಿ ಎಂದವಳು ತನ್ನ ತಾಯಿಯೇ ಎಂಬ ಮಾತನ್ನು ಮೇಷ್ಟ್ರು ಬಾಯಿ ತಪ್ಪಿಯೂ ಆಡಲಿಲ್ಲ.

ಮಾರನೇ ದಿನದಿಂದ ಜಿನ್ಲಾನಳಿಗೆ ಹೊಸ ಹೆಸರು ಬಂತು: ಮೆಟ್ಟಿನ ಡಾಕ್ಟರಮ್ಮ. ತರಕಾರಿಯವಳು ಮೂಲಂಗಿ ತೂಗುತ್ತಾ, ನನ್ನ ಮಂಡಿನೋವಿಗೆ ಎಷ್ಟನೇ ನಂಬರಿನ ಮೆಟ್ಟು ಆಗಬಹುದು ಎಂದು ಕೇಳಿದಳು. ಶಾಲೆ ಹುಡುಗರು ಚರಟ ಕಂಡರೆ ಎಮ್ಮೆಯ ಹಾಗೆ ಕೂಗುತ್ತಾ ಓಡಿದರು. ಯಾರೋ ಪುಣ್ಯಾತ್ಮರು ಭಾಷಣದ ಆ ತುಂಡನ್ನು ಫೋನಿನಲ್ಲಿ ತೆಗೆದು ಹಂಚಿದ್ದರು. ನಾನ್‌ಚಾಂಗ್ ನಗರದಲ್ಲಿದ್ದ ಮಾನ್‌ಮಾನ್ ಫೋನು ಮಾಡಿದಳು.

"ಅಮ್ಮಾ, ನನ್ನ ಸಲುವಾಗಿ ನೀನು ರಸ್ತೇಲಿ ಮಂಡಿಯೂರಿದ್ದು ನಿಜಾನಾ?"

"ನಿಜ."

"ನನಗೆ ಯಾವತ್ತೂ ಹೇಳ್ಲಿಲ್ಲ. ಅವರಿಗೆ ಹೇಳ್ದೆ. ಆಫೀಸಲ್ಲಿ ಎಲ್ಲಾರೂ ನೋಡಿ ನಗ್ತಿದ್ದಾರೆ. ಆ ಹೆಂಗಸು ನನ್ನಮ್ಮ ಅಂತ ನಾನು ಹೇಳೋದಕ್ಕೂ ಆಗ್ಲಿಲ್ಲ."

ಫೋನು ಕೆಳಗಿಟ್ಟ ಜಿನ್ಲಾನ್ ಒಲೆಗೆ ಇನ್ನೊಂದು ಕೊಳ್ಳಿ ತಳ್ಳಿದಳು. ಅಲ್ಲಿಗೆ ಯುದ್ಧ ಘೋಷಣೆಯಾಯಿತು. ಆ ಮನುಷ್ಯನ ಮೂಗು ಮುರಿದರೆ ಅವಳಿಗೆ ಸಾಲದು. ಇಡೀ ಬೀದಿ ನಕ್ಕ ಆ ನಂಬಿಕೆ ಅವರ ಎದೆಯೊಳಗೂ ಇದೆಯೆಂದು ಇಡೀ ಬೀದಿಯ ಮುಂದೆ ಅವರ ಬಾಯಿಂದಲೇ ಬರಬೇಕು. ಆ ದಿನ ಬರುವ ತನಕ ನೀಲಿ ಕೋಟು ಪೆಟ್ಟಿಗೆಯಿಂದ ಹೊರಬರುವುದಿಲ್ಲ.

ಮೊದಲು ಗೂಢಚರ್ಯೆ. ಅಂಗಡಿಯ ಜಗಲಿಯಲ್ಲಿ ಬೇರು ಆರಿಸುವ ನೆಪದಲ್ಲಿ ಕೂತು ಅವಳು ಶತ್ರುವಿನ ಮುಖ ಬಿಟ್ಟು ಕಾಲು ನೋಡತೊಡಗಿದಳು. ನೋಡಿದ ಕೆಲವೇ ದಿನಗಳಲ್ಲಿ ಅವಳಿಗೆ ನಿಧಿ ಸಿಕ್ಕಿತು. ಪೆಂಗ್ ಮೇಷ್ಟ್ರು ಕೈ ಬೆನ್ನಿಗೆ ಕಟ್ಟಿ, ಗದ್ದ ಎತ್ತಿ, ಆಕಾಶ ನೋಡುತ್ತಾ ಬರುತ್ತಿದ್ದರು. ಚರಟದ ಹತ್ತಿರ ಬಂದಾಗ ಗದ್ದ ಹಾಗೇ ಇರುತ್ತಿತ್ತು, ಕೈ ಹಾಗೇ ಇರುತ್ತಿತ್ತು, ಕಾಲು ಮಾತ್ರ ತನ್ನಷ್ಟಕ್ಕೆ ಅರ್ಧ ಗಜ ಪಕ್ಕಕ್ಕೆ ಸರಿದು, ಸುತ್ತು ಹಾಕಿ, ಮತ್ತೆ ನೇರ ದಾರಿಗೆ ಸೇರುತ್ತಿತ್ತು. ಮೇಷ್ಟ್ರ ಕಾಲು ಮೇಷ್ಟ್ರ ಭಾಷಣಕ್ಕೆ ಹೋಗಿರಲಿಲ್ಲ.

ಮೊದಲ ಮುತ್ತಿಗೆ ಅವರ ಗೇಟಿನ ಎದುರೇ ನಡೆಯಿತು. ಜಿನ್ಲಾನ್ ಒಂದು ಮಂಕರಿ ಚರಟವನ್ನು ಈ ಗೋಡೆಯಿಂದ ಆ ಗೋಡೆಗೆ ದಾರಿ ಬಿಡದೆ ಸುರಿದು, ಸಾಕ್ಷಿಗೆಂದು ತರಕಾರಿಯವಳನ್ನೂ ತೋಫುವಿನವನನ್ನೂ ನಿಲ್ಲಿಸಿಕೊಂಡಳು. ಮೇಷ್ಟ್ರು ಗೇಟು ತೆಗೆದರು. ನೋಡಿದರು. ಒಂದು ಕ್ಷಣ ಕಾಲು ಗಾಳಿಯಲ್ಲಿ ನಿಂತಿತು. ಆಮೇಲೆ ಅವರು ಬಗ್ಗಿ, ಒಂದು ತುಂಡು ಎತ್ತಿ ಮೂಸಿ, ಇದರಲ್ಲಿ ವತ್ಸನಾಭಿ ಇದ್ದ ಹಾಗಿದೆ, ನಾಯಿ ನೆಕ್ಕಿದರೆ ಕಷ್ಟ, ಮಕ್ಕಳು ಓಡಾಡುವ ಜಾಗ ಎಂದು ಬೀದಿ ಗುಡಿಸುವವರನ್ನು ಕರೆಸಿ ಎಲ್ಲವನ್ನೂ ತೆಗೆಸಿ, ನೀರು ಹಾಕಿ ತೊಳೆಸಿದ ಮೇಲೆ ಆಕಾಶ ನೋಡುತ್ತಾ ನಡೆದುಹೋದರು. ಸಾಕ್ಷಿಗಳು ತಲೆದೂಗಿದರು. ಓದಿದವರ ಮುನ್ನೆಚ್ಚರಿಕೆಯೇ ಬೇರೆ ಎಂದು ತರಕಾರಿಯವಳು ಅಂದದ್ದು ಜಿನ್ಲಾನಳ ಹೊಟ್ಟೆಯಲ್ಲಿ ಮೂರು ದಿನ ಉರಿಯಿತು.

ಮನೆಯಲ್ಲಿ ಯುದ್ಧಸಭೆ ಸೇರಿತು. ಸಭೆಯೆಂದರೆ ಅವಳು, ಮತ್ತು ಮೆಣಸಿನಕಾಯಿ ಇಲ್ಲದ ಅನ್ನವನ್ನು ಅಗಿಯುತ್ತಿದ್ದ ರೆನ್‌ಗೆನ್. ಅವಳು ಸುಮ್ಮನೆ ಕೂತು ಕಪಾಟಿನ ತುದಿಯನ್ನೇ ನೋಡುತ್ತಿದ್ದಳು. ಅಲ್ಲಿ ಧೂಳು ಹಿಡಿದು, ಮೂತಿಯ ಅಂಚು ಒಂದು ಚೂರು ಮುರಿದ, ಚಹಾ ಬಣ್ಣದ ಹೊಟ್ಟೆಯ ಪೆಂಗ್ ಅಜ್ಜಿಯ ಕುಡಿಕೆ ಇತ್ತು. ರೆನ್‌ಗೆನ್ ಅವಳ ಕಣ್ಣು ಹೋದ ಕಡೆ ನೋಡಿದ. ಅವನ ಕೈಯ ಊಟದ ಕಡ್ಡಿಗಳು ಬಟ್ಟಲಿಗೆ ಬಿದ್ದವು.

"ಬೇಡ ಕಣೇ."

"ಏನು ಬೇಡ?"

"ಅದನ್ನ ವಾಪಸ್ ಕೊಡ್ಬೇಡ. ಕೋರ್ಟು ಕಚೇರಿ ಹತ್ತಿದವರೂ ಹಾಗೆ ಮಾಡಿದ್ದು ನಾನು ಕಂಡಿಲ್ಲ. ಬಯ್ಯಿ, ಹೊಡಿ, ಬೇಕಾದ್ರೆ ಅವ್ರ ಗೇಟಿಗೆ ಸಗಣಿ ಬಳಿ, ನಾನೇ ಬರ್ತೀನಿ ಬಕೆಟ್ ಹಿಡ್ಕೊಂಡು. ಕುಡಿಕೆ ಮಾತ್ರ ಬೇಡ."

"ಯಾಕೆ? ಮೇಷ್ಟ್ರೇ ಹೇಳಿದ್ದಾರಲ್ಲ ಅದೆಲ್ಲ ವಿಜ್ಞಾನ ಅಲ್ಲ ಅಂತ. ನೀವೂ ನಕ್ಕಿರಲ್ಲ."

ರೆನ್‌ಗೆನ್ ಬಟ್ಟಲಿಗೆ ಮುಖ ಹಾಕಿದ. ಸಭೆ ಮುಗಿಯಿತು.

ದಿನವನ್ನು ಶತ್ರುವೇ ಗೊತ್ತುಮಾಡಿ ಕೊಟ್ಟರು. ಮೇಷ್ಟ್ರು ಎಪ್ಪತ್ತರ ಹುಟ್ಟುಹಬ್ಬದ ಔತಣಕ್ಕೆ ಇಡೀ ಬೀದಿಯನ್ನು ಕರೆದರು. ಕರೆಯ ಕೆಂಪು ಕಾಗದ ಕೈಗೆ ಬಂದಾಗ ಜಿನ್ಲಾನ್ ಲೆಕ್ಕ ಹಾಕಿ ನೋಡಿದಳು. ಅವರಿಗೆ ಆಗುತ್ತಿದ್ದದ್ದು ಅರವತ್ತೊಂಬತ್ತು. ಗಂಡಸರು ಎಪ್ಪತ್ತನ್ನು ಎಪ್ಪತ್ತಕ್ಕೆ ಆಚರಿಸಿದರೆ ಆಯುಸ್ಸಿಗೆ ಒಳ್ಳೆಯದಲ್ಲವೆಂದು ನಮ್ಮಲ್ಲಿ ಒಂದು ವರ್ಷ ಮೊದಲೇ ಮುಗಿಸಿಬಿಡುತ್ತಾರೆ. ವಿಜ್ಞಾನದ ಮೇಷ್ಟ್ರು ಇನ್ನೊಂದು ವರ್ಷ ಕಾಯಬಹುದಿತ್ತು. ಕಾಯಲಿಲ್ಲ. ಜಿನ್ಲಾನ್ ಆ ಕೆಂಪು ಕಾಗದವನ್ನು ಜೋಪಾನವಾಗಿ ಮಡಿಸಿ, ಅಂದು ಗಂಡನ ತಟ್ಟೆಗೆ ಒಂದೇ ಒಂದು ಮೆಣಸಿನಕಾಯಿ ಹಾಕಿದಳು. ಅವನಿಗೆ ಅದನ್ನು ಕಂಡು ಹೆದರಿಕೆಯಾಯಿತು.

ಕುಡಿಕೆಯನ್ನು ಅವಳು ಬೂದಿ ಹಾಕಿ ತಿಕ್ಕಿ, ನೀರು ತುಂಬಿ ಕುದಿಸಿ, ಚೆಲ್ಲಿ, ಮತ್ತೆ ಕುದಿಸಿದಳು. ಬಿಸಿಲಿಗೆ ಇಟ್ಟು ಒಣಗಿಸಿದಳು. ಕೆಂಪು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಮೇಲೊಂದು ಗಂಟು ಹಾಕಿದಳು. ನೀಲಿ ಕೋಟು ಪೆಟ್ಟಿಗೆಯಿಂದ ಹೊರಬಂತು.

ನದಿ ದಂಡೆಯ ಹೋಟೆಲಿನಲ್ಲಿ ಹನ್ನೆರಡು ದುಂಡು ಮೇಜು ಹಾಕಿದ್ದರು. ಮೆಣಸಿನಕಾಯಿಯ ಕೆಳಗೆ ಮೀನು ಕಾಣದಂಥ ಮೀನು ಬಂದಿತ್ತು, ದೀರ್ಘಾಯುಸ್ಸಿನ ಉದ್ದ ಶಾವಿಗೆ ಬರುವುದಿತ್ತು. ಮೇಷ್ಟ್ರು ಕೆಂಪು ಅಂಗಿ ತೊಟ್ಟು ನಡು ಮೇಜಿನಲ್ಲಿ ಕೂತಿದ್ದರು. ಒಂದು ಪಕ್ಕ ಹೆಂಡತಿ ಯೂಝೆನ್, ಇನ್ನೊಂದು ಪಕ್ಕ ಜಿನ್ಲಾನ್ ಕೆಲಸಕ್ಕಿದ್ದ ಅಂಗಡಿಯ ಲುವೊ ವೈದ್ಯರು. ಜಿನ್ಲಾನ್ ಮಕ್ಕಳನ್ನು ಎತ್ತಿಕೊಳ್ಳುವ ಹಾಗೆ ಕೆಂಪು ಗಂಟನ್ನು ಎದೆಗೆ ಅವಚಿಕೊಂಡು ಬಾಗಿಲಲ್ಲಿ ಕಾಣಿಸಿಕೊಂಡಾಗ ಮೇಷ್ಟ್ರು ಎದ್ದು ನಿಂತು ನಕ್ಕರು. ಅವಳು ಬರುವುದಿಲ್ಲವೆಂದುಕೊಂಡಿದ್ದರು. ಬಂದದ್ದು ರಾಜಿಗೆ ಎಂದು ತಿಳಿದರು.

"ಜಿನ್ಲಾನಕ್ಕ, ಬಂದ್ಯಲ್ಲ, ಸಂತೋಷ. ಉಡುಗೊರೆ ಎಲ್ಲ ಯಾಕೆ ತಂದೆ?"

"ಉಡುಗೊರೆ ಅಲ್ಲ ಮೇಷ್ಟ್ರೇ. ನಿಮ್ಮನೇದೇ ಸಾಮಾನು."

ಅವಳು ಗಂಟು ಬಿಚ್ಚಿದಳು. ಕೆಂಪು ರೇಷ್ಮೆ ನಾಲ್ಕು ಕಡೆ ಬಿದ್ದು ನಡುವೆ ಕುಡಿಕೆ ನಿಂತಿತು.

ಹತ್ತಿರದ ಮೇಜಿನವರು ಕಡ್ಡಿ ಕೆಳಗಿಟ್ಟರು, ದೂರದವರು ಕತ್ತು ಚಾಚಿದರು. ಶಾವಿಗೆ ತಟ್ಟೆ ಹಿಡಿದು ಬರುತ್ತಿದ್ದ ಹೆಂಗಸು ಅಲ್ಲೇ ತಿರುಗಿ ಒಳಗೆ ಹೋದಳು. ಯೂಝೆನ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಗೋಡೆಗೆ ಒರಗಿದಳು.

"ನಿಮ್ಮಮ್ಮನ ಕುಡಿಕೆ," ಎಂದಳು ಜಿನ್ಲಾನ್, ಎಲ್ಲರಿಗೂ ಕೇಳುವ ಹಾಗೆ. "ನನ್ನ ಮಗಳ ಪ್ರಾಣ ಉಳೀಲಿ ಅಂತ ಅವರೇ ತಂದುಕೊಟ್ಟಿದ್ದು. ಚರಟಾನ ನಾಲ್ಕು ದಾರಿ ಸೇರೋ ಕಡೆ ಸುರಿ ಅಂತಾನೂ ಅವರೇ ಹೇಳಿದ್ದು. ಭಾಷಣದಲ್ಲಿ ನಿಮಗೆ ಇದು ಮರ್ತುಹೋಯ್ತು, ವಯಸ್ಸಾಯ್ತಲ್ಲ. ವಾಪಸ್ ಕೊಡೋದಕ್ಕೆ ಇಷ್ಟು ವರ್ಷ ಹೆದರ್ಕೊಂಡಿದ್ದೆ. ನೀವು ಕಣ್ಣು ತೆರೆಸಿದ್ರಿ. ತಗೊಳ್ಳಿ."

ಮೇಷ್ಟ್ರು ಕುಡಿಕೆಯನ್ನು ನೋಡಿದರು. ಅವರ ಕೈ ಮುಂದೆ ಬಂತು, ಅರ್ಧ ದಾರಿಯಲ್ಲಿ ನಿಂತಿತು. ಮಣ್ಣಿನ ಪಾತ್ರೆ ಸಣ್ಣ ಸಣ್ಣ ರಂಧ್ರಗಳಿಂದ ಆದದ್ದು, ಹಳೇ ಔಷಧವನ್ನು ಹೀರಿ ಇಟ್ಟುಕೊಂಡಿರುತ್ತದೆ, ಆರೋಗ್ಯದ ದೃಷ್ಟಿಯಿಂದ ಎಂದು ಏನೋ ಶುರುಮಾಡಿದರು. ಕುದಿಸಿ ತಂದಿದ್ದೇನೆ, ಕಷಾಯಕ್ಕೆ ಬೇಡವಾದರೆ ಹೂವಿನ ಗಿಡ ನೆಡಿ, ಕೈಯಲ್ಲಿ ಹಿಡಿಯಲು ಏನು ಅಡ್ಡಿ ಎಂದು ಅವಳು ಇನ್ನೊಂದು ಹೆಜ್ಜೆ ಮುಂದಿಟ್ಟಳು. ಮೇಷ್ಟ್ರು ಒಂದು ಹೆಜ್ಜೆ ಹಿಂದಿಟ್ಟರು. ಅವಳು ಮತ್ತೆ ಮುಂದೆ. ಹೀಗೆ ಕೆಂಪು ಅಂಗಿಯೂ ನೀಲಿ ಕೋಟೂ ಮೇಜಿನ ಸುತ್ತ ಅರ್ಧ ಪ್ರದಕ್ಷಿಣೆ ಬಂದವು. ಮೇಜಿನ ಆಚೆ ಗೋಡೆ ಇತ್ತು. ಗೋಡೆಯ ಹತ್ತಿರ ಯೂಝೆನ್ ಇದ್ದಳು. ಅವಳು ಗಂಡನ ತೋಳು ಹಿಡಿದು, ಮುಟ್ಟಬೇಡಿ ಎಂದು ಪಿಸುಗುಟ್ಟಿದ್ದು ಹನ್ನೆರಡು ಮೇಜಿಗೂ ಕೇಳಿಸಿತು.

ತೆಗೆದುಕೊಂಡರೆ ಎಪ್ಪತ್ತರ ಹೊಸ್ತಿಲಲ್ಲಿ, ಹುಟ್ಟುಹಬ್ಬದ ದಿನ, ಶಾವಿಗೆ ತಿನ್ನುವ ಮೊದಲೇ ರೋಗ ಮನೆಗೆ ಬಂದ ಹಾಗೆ. ಬೇಡವೆಂದರೆ ಸಭಾಂಗಣದ ಭಾಷಣವೆಲ್ಲ ಮಣ್ಣುಪಾಲು. ಪೆಂಗ್ ಮೇಷ್ಟ್ರು ಜೀವನವಿಡೀ ಮಕ್ಕಳಿಗೆ ಪ್ರಶ್ನೆ ಹಾಕಿದವರು, ಹೀಗೆ ಉತ್ತರ ಹುಡುಕಿದವರಲ್ಲ. ಆದರೂ ಹುಡುಕಿದರು.

ಅವರು ಕೆಮ್ಮಿದರು.

ಮೊದಲು ಸಣ್ಣದಾಗಿ, ಪರೀಕ್ಷೆ ಮಾಡಿ ನೋಡುವ ಹಾಗೆ. ಆಮೇಲೆ ಬಾಯಿಗೆ ಮುಷ್ಟಿ ಹಿಡಿದು ಸ್ವಲ್ಪ ದೊಡ್ಡದಾಗಿ. ಆಮೇಲೆ ನೆಲ ನೋಡಿಕೊಂಡು, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನ ದನಿಯಲ್ಲಿ ಹೇಳಿದರು.

"ಬೆಳಿಗ್ಗೆಯಿಂದ ಸ್ವಲ್ಪ ಕೆಮ್ಮು. ಜಿನ್ಲಾನಕ್ಕ, ಆ ಕುಡಿಕೆ ಎರವಲು ಕೊಡ್ತೀಯಾ?"

ಕುಡಿಕೆಯ ಒಡೆಯರು ಕಾಯಿಲೆ ಬಿದ್ದು ತಾವೇ ಕೇಳಿ ಒಯ್ದರೆ ದೋಷವಿಲ್ಲ, ಅಲ್ಲಿದ್ದ ಮಕ್ಕಳಿಗೂ ಗೊತ್ತಿದ್ದ ಮಾತು. ಮೇಷ್ಟ್ರು ಆಯುಸ್ಸು ಉಳಿಸಿಕೊಂಡರು. ಬೆಲೆಯಾಗಿ ಉಳಿದದ್ದೆಲ್ಲವನ್ನೂ ಮೇಜಿನ ಮೇಲೆ ಇಟ್ಟರು. ಮೂಲೆಯ ಮೇಜಿನಲ್ಲಿ ತೋಫುವಿನವನು ಮೊದಲು ನಕ್ಕ. ಆಮೇಲೆ ಹನ್ನೆರಡು ಮೇಜೂ ನಕ್ಕವು. ಎಲ್ಲರಿಗಿಂತ ದೊಡ್ಡ ದನಿಯಲ್ಲಿ ನಕ್ಕವನು ರೆನ್‌ಗೆನ್. ಈ ಸಲ ಅವನು ಸರಿಯಾದ ಕಡೆ ನಗುತ್ತಿದ್ದ.

ಜಿನ್ಲಾನ್ ಮಾತ್ರ ನಗಲಿಲ್ಲ. ಸೇನಾಪತಿಗಳು ಕೋಟೆಯ ಬಾಗಿಲು ಬಿದ್ದ ಕೂಡಲೇ ಮನೆಗೆ ಹೋಗುವುದಿಲ್ಲ.

"ಕೊಡ್ತೀನಿ, ಅದಕ್ಕೇನು," ಎಂದಳು. "ಆದ್ರೆ ಕೆಮ್ಮು ಅಂತೀರಾ, ಬರೀ ಕುಡಿಕೆ ಇಟ್ಕೊಂಡು ಏನ್ಮಾಡ್ತೀರಾ? ವೈದ್ಯರು ಪಕ್ಕದಲ್ಲೇ ಇದ್ದಾರಲ್ಲ."

ಮೇಷ್ಟ್ರು ಬೇಡ ಬೇಡವೆಂದರೂ ಲುವೊ ವೈದ್ಯರು ಮುಂಗೈ ಎಳೆದುಕೊಂಡು ನಾಡಿಯ ಮೇಲೆ ಬೆರಳಿಟ್ಟಾಗಿತ್ತು. ಕಣ್ಣು ಮುಚ್ಚಿದರು. ಹುಬ್ಬು ಎತ್ತಿದರು. ಎಷ್ಟೋ ವರ್ಷದಿಂದ ಪ್ರತಿ ಔತಣದಲ್ಲೂ ಮೇಷ್ಟ್ರ ಪಕ್ಕ ಕೂತು, ನಾಡಿ ನೋಡುವುದು ಬರೀ ಊಹೆ ಎಂಬ ಉಪನ್ಯಾಸ ಕೇಳಿದ್ದ ಮನುಷ್ಯ ಅವರು.

"ಇದೆ," ಎಂದರು ಕೊನೆಗೆ. "ಕೆಮ್ಮು ಇದೆ. ಒಳಗೆ ಅಡಗಿ ಕೂತಿದೆ. ಹಳದಿ ಬೇರು ಬೇಕು, ಸ್ವಲ್ಪ ಜಾಸ್ತೀನೇ."

"ಅತಿಮಧುರ ಎಷ್ಟು ಹಾಕ್ಲಿ?" ಎಂದು ಜಿನ್ಲಾನ್ ವಿನಯದಿಂದ ಕೇಳಿದಳು.

"ಬೇಡ. ಮೇಷ್ಟ್ರೇ ಹೇಳಿದ್ದಾರಲ್ಲ, ಎರಡೂ ಗಂಟು ಕಟ್ಕೊಂಡು ತಳಕ್ಕೆ ಇಳಿಯುತ್ತೆ ಅಂತ. ಅಷ್ಟು ಒಳ್ಳೇ ಕಹಿ ವ್ಯರ್ಥ ಆಗ್ಬಾರ್ದು."

ಹಳದಿ ಬೇರಿನ ಕಹಿ ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ಬೇವು ಅದರ ಮುಂದೆ ಮಿಠಾಯಿ. ಔತಣದ ಮಾರನೇ ಬೆಳಿಗ್ಗೆ ಜಿನ್ಲಾನ್ ಪೊಟ್ಟಣವನ್ನು ತಾನೇ ಒಯ್ದು ಯೂಝೆನಳಿಗೆ ಕಾಯಿಸುವ ಕ್ರಮ ಹೇಳಿಕೊಟ್ಟಳು. ಸಣ್ಣ ಉರಿ, ಎರಡು ಸಲ ಕಾಯಿಸಿ ಬೆರೆಸಬೇಕು, ಕಬ್ಬಿಣದ ಸೌಟು ಮುಟ್ಟಿಸಬಾರದು, ಒಗರು ಶಾಯಿಯಾಗುತ್ತದೆ, ನಿಮ್ಮವರೇ ಹೇಳಿದ್ದು. ಆಮೇಲೆ ಎದುರಿನ ಜಗಲಿಯಲ್ಲಿ ಕೂತಳು. ತರಕಾರಿಯವಳು ಬಂದು ಕೂತಳು. ತೋಫುವಿನವನೂ ಬಂದ. ಇಲ್ಲದ ಕೆಮ್ಮಿಗೆ ಇರುವ ಕಹಿಯನ್ನು ಮೇಷ್ಟ್ರು ಮೇಲಿನ ಮೊಗಸಾಲೆಯಲ್ಲಿ ನಿಂತು ಬಟ್ಟಲಿನ ತಳ ಕಾಣುವ ತನಕ ಕುಡಿದರು. ಕುಡಿಯದಿದ್ದರೆ ಕೆಮ್ಮು ಸುಳ್ಳಾಗುತ್ತದೆ, ಕೆಮ್ಮು ಸುಳ್ಳಾದರೆ ಎರವಲು ಸುಳ್ಳಾಗುತ್ತದೆ, ಎರವಲು ಸುಳ್ಳಾದರೆ ಕುಡಿಕೆ ಹಿಂದಿರುಗಿಸಿದ್ದೇ ನಿಜವಾಗುತ್ತದೆ. ಅವರ ಮುಖ ಕುಡಿಕೆಯ ಮೂತಿಯ ಹಾಗೆ ಒಂದು ಕಡೆ ತಿರುಗಿ ನಿಂತಿತು.

ಅದರ ಮಾರನೇ ಬೆಳಕು ಹರಿಯುವ ಹೊತ್ತಿಗೆ ಪೆಂಗ್ ಮೇಷ್ಟ್ರ ಗೇಟಿನ ಎದುರು, ಬೀದಿಯ ನಟ್ಟನಡುವೆ, ಹಳದಿ ಬಣ್ಣದ ಹಸಿ ಚರಟದ ಸಣ್ಣ ಗುಪ್ಪೆಯೊಂದು ಬಿದ್ದಿತ್ತು. ಸುರಿದವರು ಯಾರೆಂದು ಯಾರೂ ನೋಡಲಿಲ್ಲ. ಮೊಗಸಾಲೆಯ ಕಿಟಕಿಯ ಪರದೆ ಒಂದು ಬೆರಳಿನಷ್ಟು ಸರಿದಿತ್ತು.

ಜಿನ್ಲಾನ್ ಅಂಗಡಿಗೆ ಹೊರಟವಳು ಅದರ ಹತ್ತಿರ ಬಂದು ನಿಂತಳು. ತುಳಿದರೆ ಅವರಿಗೆ ಉಪಕಾರ. ಅವಳ ಒಂದು ಕಾಲು ಎದ್ದಿತು. ಅವಳಿಗೆ ಮಂಜಿನಲ್ಲಿ ಎಮ್ಮೆ ಹೊಡೆದುಕೊಂಡು ಬಂದ ಆ ಮುದುಕ ನೆನಪಾದ. ಆಮೇಲೆ ಸಭಾಂಗಣದಲ್ಲಿ ಮೇಜಿನ ಕಾಲು ಹಿಡಿದ ಕೈ ನೆನಪಾಯಿತು. ಅವಳು ಕೈ ಬೆನ್ನಿಗೆ ಕಟ್ಟಿ, ಗದ್ದ ಎತ್ತಿ, ಆಕಾಶ ನೋಡುತ್ತಾ ಅರ್ಧ ಗಜ ಪಕ್ಕಕ್ಕೆ ಸರಿದು, ಸುತ್ತು ಹಾಕಿ, ಮತ್ತೆ ನೇರ ದಾರಿ ಹಿಡಿದಳು.

ಹಿಂದೆ ಬರುತ್ತಿದ್ದ ತರಕಾರಿಯವಳು ಅದನ್ನು ನೋಡಿ ತಳ್ಳುಗಾಡಿಯನ್ನು ಸುತ್ತು ಬಳಸಿ ತಂದಳು. ತೋಫುವಿನವನು ಸುತ್ತು ಬಳಸಿದ. ಶಾಲೆ ಹುಡುಗರು ಸಾಲಾಗಿ, ಒಬ್ಬರ ಹಿಂದೆ ಒಬ್ಬರು, ಆಕಾಶ ನೋಡುತ್ತಾ ಹೋದರು. ಬೀದಿ ಗುಡಿಸುವವರು ಎರಡೂ ಕಡೆ ಚೊಕ್ಕಟ ಮಾಡಿ ನಡುವಿನದನ್ನು ಹಾಗೇ ಬಿಟ್ಟರು. ಮೇಷ್ಟ್ರ ಕೆಮ್ಮು ಆ ದಿನವಿಡೀ ಅಲ್ಲೇ ಕೂತಿತ್ತು. ಮರುದಿನವೂ ಕೂತಿತ್ತು. ಪರದೆಯ ಸಂದು ಅಗಲವಾಗುತ್ತಾ ಬಂತು.

ಕೊನೆಗೊಂದು ಮಧ್ಯಾಹ್ನ, ಊರು ಊಟ ಮಾಡಿ ಮಲಗುವ ಹೊತ್ತಿನಲ್ಲಿ, ಗೇಟು ಕಿರುಗುಟ್ಟಿತು. ಪೆಂಗ್ ಮೇಷ್ಟ್ರು ಹೊರಗೆ ಬಂದು ಆ ಕಡೆ ಈ ಕಡೆ ನೋಡಿ, ಒಣಗಿದ ಚರಟದ ಮೇಲೆ ತಾವೇ ಕಾಲಿಟ್ಟು, ಕಸಕಸ ಎನ್ನುವ ಹಾಗೆ ಚೆನ್ನಾಗಿ ತುಳಿದರು. ತನ್ನ ರೋಗವನ್ನು ತಾನೇ ತುಳಿದರೆ ಅದು ಅದೇ ಕಾಲಿನ ಜೊತೆ ಅದೇ ಮನೆಗೆ ವಾಪಸಾಗುತ್ತದೆಂದು ಅವರ ತಾಯಿ ಹೇಳಿಕೊಟ್ಟಿರಲಿಲ್ಲವೋ ಏನೋ. ತಲೆ ಎತ್ತಿದಾಗ ಎದುರು ಜಗಲಿಯಲ್ಲಿ ಜಿನ್ಲಾನ್ ಕೂತು, ಮೊರದಲ್ಲಿ ಅತಿಮಧುರದ ಚೂರು ಆರಿಸುತ್ತಿದ್ದಳು. ಅವಳು ಒಂದು ಚೂರು ಬಾಯಿಗೆ ಹಾಕಿಕೊಂಡಳು.

"ಮೇಷ್ಟ್ರೇ," ಎಂದಳು, "ಕೆಮ್ಮು ಹೇಗಿದೆ?"